ಹಿಂದೀ ಚಲಚ್ಚಿತ್ರಗಳಲ್ಲಿ ಒಂಟಿ ತಾಯಿ, ಒಂಟಿ ತಂದೆ

ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಸತ್ಯಕಾಮ ಜಾಬಾಲನ ಆಖ್ಯಾನವು ವಿದ್ವಾಂಸರಿಗೆಲ್ಲ ಪರಿಚಿತವಾದುದೇ ಆಗಿದೆ. ಗುರುಕುಲವಾಸಕ್ಕೆ ಹೊರಟ ಬಾಲಕನು ತನ್ನ ಗೋತ್ರವಾವುದೆಂದು ತಾಯಿಯನ್ನು ಕೇಳುವನು. ಯೌವನದಲ್ಲಿ ಹಲವೆಡೆ ಪರಿಚಾರಿಕೆಯಾಗಿ ದುಡಿಯುತ್ತಿದ್ದ ಕಾಲದಲ್ಲಿ ಅವನನ್ನು ಪಡೆದೆನೆಂದೂ, ಗೋತ್ರವನ್ನು ತಾನರಿಯೆನೆಂದೂ, ತನ್ನ ಹೆಸರು ಜಬಾಲೆ, ಅವನ ಹೆಸರು ಸತ್ಯಕಾಮ, ಆದಕಾರಣ ಸತ್ಯಕಾಮ ಜಾಬಾಲನೆಂದೇ ಹೇಳಿಕೊಳ್ಳಬೇಕೆಂದೂ ಆಕೆ ಉತ್ತರವೀಯುವಳು. ಹುಡುಗನು ಹಾರಿದ್ರುಮತ ಗೌತಮನ ಮುಂದೆ ಈ ಮಾತನ್ನು ಒಂದಕ್ಷರವೂ ಮರೆಮಾಚದೆ ಒಪ್ಪಿಸುವನು. ಸತ್ಯದಿಂದ ಕದಲದ ಇವನಿಗೆ ಉಪನಯನ ಮಾಡುವುದಕ್ಕೆ ಅಡ್ಡಿಯಿಲ್ಲವೆಂದು ಗುರುವು ತೀರ್ಮಾನಿಸುವನು. ತಂದೆಯನ್ನು ಹುಡುಕುವ ಪ್ರಯತ್ನವಾಗಲಿ, ತಾಯಿಯನ್ನು ನಿಂದಿಸುವ ಮಾತಾಗಲಿ ಆ ಕಥೆಯಲ್ಲಿ ಎಲ್ಲಿಯೂ ಇಲ್ಲ.

ಇದಕ್ಕೆ ಇದಿರಾಗಿ ನಿಲ್ಲುವುದು ಶಕುಂತಲೋಪಾಖ್ಯಾನ. ಅಲ್ಲಿ ತಾಯಿಯು ಮಗನನ್ನು ಕರೆದುಕೊಂಡು ರಾಜಸಭೆಗೆ ಬರಬೇಕು. ತಂದೆಯು ಅವನನ್ನು ತನ್ನವನೆಂದು ಒಪ್ಪಬೇಕು. ಅಲ್ಲಿಯವರೆಗೆ ಭರತನು ಭರತನಲ್ಲ. ಮೂರನೆಯದು ಸೀತಾಪರಿತ್ಯಾಗದ ಕಥೆ. ಲಕ್ಷ್ಮೀಶನ ಜೈಮಿನಿ ಭಾರತದ ಮೂಲಕ ಇದು ಕನ್ನಡನಾಡಿನ ಮನೆಮನೆಯಲ್ಲಿಯೂ ಕಣ್ಣೀರು ತರಿಸಿದುದು. ಕಾಡಿನಲ್ಲಿ ಒಬ್ಬಂಟಿಗಳಾಗಿ ಮಕ್ಕಳನ್ನು ಸಾಕಿದ ತಾಯಿ, ಆ ಮಕ್ಕಳನ್ನು ಕಡೆಗೆ ಗುರುತಿಸುವ ತಂದೆ. ಇವರ ನಡುವಣ ದುಃಖವೇ ಅಲ್ಲಿಯ ಕಥಾಶರೀರ. ಶಕುಂತಲೆ ಸೀತೆಯರ ಕಥೆಗಳೆರಡೂ ಅಭಿಜ್ಞಾನದ ಮಾರ್ಗಕ್ಕೆ ಸೇರಿದುವು, ಅಂದರೆ ತಂದೆಯು ಗುರುತಿಸಿದಲ್ಲದೆ ಮುಗಿಯದ ಕಥೆಗಳು. ಉಪನಿಷತ್ತಿನದು ಜಬಾಲೆಯ ಮಾರ್ಗ.

ಹಿಂದೀ ವಾಕ್ಚಿತ್ರಗಳಲ್ಲಿ ಒಂಟಿ ತಾಯಿಯ ಕಥೆಯು ಬಂದಷ್ಟು ಸಲ ಬೇರಾವ ಕಥೆಯಾದರೂ ಬಂದಿದೆಯೋ ಇಲ್ಲವೋ ಎನ್ನಬೇಕು. ಇವುಗಳನ್ನು ಬಡತನದ ಕಥೆಗಳೆಂದೂ ತ್ಯಾಗದ ಕಥೆಗಳೆಂದೂ ವಿಮರ್ಶಕರು ವರ್ಣಿಸುವುದು ವಾಡಿಕೆ. ಬಡತನವೂ ತ್ಯಾಗವೂ ಅವುಗಳಲ್ಲಿ ಹೇರಳವಾಗಿರುವುದು ನಿಜ. ಆದರೆ ಕಥೆಯ ಗಂಟು ಬಿದ್ದಿರುವುದು ಹೆಸರಿನಲ್ಲಿ. ಮಗುವು ಯಾರ ಹೆಸರಿನಿಂದ ಲೋಕದಲ್ಲಿ ನಿಲ್ಲಬೇಕು, ತಾಯಿಯ ಮಾತೊಂದೇ ಅದಕ್ಕೆ ಸಾಕೆ, ಎಂಬ ಪ್ರಶ್ನೆಯನ್ನು ಈ ಚಿತ್ರಗಳು ಮತ್ತೆ ಮತ್ತೆ ಎತ್ತಿವೆ. ಬಹುಕಾಲದವರೆಗೆ ಅವು ಕೊಟ್ಟ ಉತ್ತರವು ಅಭಿಜ್ಞಾನದ ಮಾರ್ಗದ್ದು. ಜಬಾಲೆಯ ಮಾರ್ಗವು ತೆರೆಯ ಮೇಲೆ ಕಾಣಿಸಿಕೊಂಡುದು ಬಹಳ ಈಚೆಗೆ. ಅದೂ ಹೆಜ್ಜೆಹೆಜ್ಜೆಗೆ ಹಿಂದುಮುಂದು ನೋಡುತ್ತ.

ಮೊದಲು, ಹೆಸರಿನ ಪ್ರಶ್ನೆಯು ಏಳದಿರುವ ಒಂದು ಕಥೆಯನ್ನು ನೋಡಬಹುದು. 1940ರಲ್ಲಿ ಮೆಹಬೂಬ್ ಖಾನರು ನಿರ್ದೇಶಿಸಿದ 'ಔರತ್' ಎಂಬ ಚಿತ್ರವನ್ನು ಅವರೇ 1957ರಲ್ಲಿ 'ಮದರ್ ಇಂಡಿಯಾ' ಎಂಬ ಹೆಸರಿನಿಂದ ವರ್ಣಚಿತ್ರವಾಗಿ ಮರಳಿ ತೆಗೆದರು. 1927ರಲ್ಲಿ ಅಮೆರಿಕದ ಕ್ಯಾಥರೀನ್ ಮೇಯೋ ಎಂಬಾಕೆಯು ಭಾರತವನ್ನು ಹಳಿದು ಬರೆದ ಪುಸ್ತಕದ ಹೆಸರೂ ಅದೇ ಆಗಿದ್ದುದು ಗಮನಾರ್ಹ. ಸಾಲಗಾರನ ಹಿಡಿತದಲ್ಲಿ ಸಿಕ್ಕಿದ ರೈತನು ಬಂಡೆಯ ಕೆಳಗೆ ತೋಳುಗಳೆರಡನ್ನೂ ಕಳೆದುಕೊಂಡು, ಹೆಂಡತಿಗೆ ಹೊರೆಯಾದೆನೆಂಬ ನಾಚಿಕೆಯಿಂದ ಮನೆಬಿಟ್ಟು ಹೋಗುವನು. ನರ್ಗಿಸರು ಅಭಿನಯಿಸಿದ ರಾಧೆಯು ನೊಗಕ್ಕೆ ಹೆಗಲುಕೊಟ್ಟು ಮಕ್ಕಳನ್ನು ಬೆಳೆಸುವಳು. ಕಿರಿಯ ಮಗ ಬಿರ್ಜೂ ದರೋಡೆಗಾರನಾಗಿ ಸಾಹುಕಾರನ ಮಗಳನ್ನು ಹೊತ್ತೊಯ್ಯುವಾಗ ಆಕೆಯೇ ಅವನನ್ನು ಗುಂಡಿಟ್ಟು ಕೊಲ್ಲುವಳು. ಆಸ್ಕರ್ ಪ್ರಶಸ್ತಿಗೆ ವಿದೇಶೀಭಾಷೆಯ ಚಿತ್ರಗಳ ಪಟ್ಟಿಯಲ್ಲಿ ನಾಮನಿರ್ದೇಶನ ಹೊಂದಿದ ಮೊದಲನೆಯ ಭಾರತೀಯ ಚಿತ್ರವಿದು. ಇಲ್ಲಿ ಗಂಡನು ಹೋದನೇ ಹೊರತು ಅವನ ಹೆಸರು ಹೋಗಲಿಲ್ಲ. ರಾಧೆಯು ಒಂಟಿಯಾಗಿದ್ದರೂ ಸುವಾಸಿನಿ. ಮಕ್ಕಳ ಹುಟ್ಟನ್ನು ಯಾರೂ ಪ್ರಶ್ನಿಸಲಾರರು. ಆದ್ದರಿಂದಲೇ ಆಕೆಯು ಊರಿಗೆಲ್ಲ ತಾಯಾಗಿ, ಊರಿನ ಹೆಣ್ಣುಮಗಳ ಮಾನಕ್ಕಾಗಿ ಸ್ವಂತ ಮಗನನ್ನು ಬಲಿಗೊಡುವಷ್ಟು ಎತ್ತರದಲ್ಲಿ ನಿಲ್ಲಬಲ್ಲಳು. ಕುಂತಿಯು ಪಾಂಡುವಿನ ಮರಣಾನಂತರ ಐವರು ಮಕ್ಕಳನ್ನು ಕರೆದುಕೊಂಡು ಹಸ್ತಿನಾವತಿಗೆ ಬಂದಾಗ ಆಕೆಗಿದ್ದ ಗೌರವವೇ ಇಲ್ಲಿಯೂ ಇದೆ. ಅದೇ ಕುಂತಿಯು ಆರನೆಯ ಮಗನ ವಿಷಯದಲ್ಲಿ ಬಾಯಿಬಿಡಲಾರದೆ ಹೋದಳೆಂಬುದು ಪಂಪಭಾರತವನ್ನೋದಿದವರಿಗೆ ಹೇಳಬೇಕಾದುದಲ್ಲ. ಹಿಂದೀ ಚಿತ್ರಗಳು ಬಹುಮಟ್ಟಿಗೆ ಆ ಆರನೆಯ ಮಗನ ಕಥೆಗಳು.

1951ರ 'ಆವಾರಾ' ಸೀತಾಪರಿತ್ಯಾಗದ ಪ್ರತಿಕೃತಿಯೆಂಬುದನ್ನು ಆ ಚಿತ್ರವೇ ಮುಚ್ಚಿಡುವುದಿಲ್ಲ. ಜಾನಕಿಯ ದುಃಖವನ್ನು ಹೇಳುವ ಹಾಡೊಂದನ್ನು ಅದರ ನಡುವೆ ಸೇರಿಸಿದ್ದಾರೆ. ನ್ಯಾಯಾಧೀಶ ರಘುನಾಥನ ಹೆಂಡತಿಯನ್ನು ಜಗ್ಗನೆಂಬ ದರೋಡೆಗಾರನು ಅಪಹರಿಸಿ ಬಿಟ್ಟುಬಿಡುವನು. ಗರ್ಭಿಣಿಯಾದ ಆಕೆಯನ್ನು ಲೋಕಾಪವಾದಕ್ಕೆ ಅಂಜಿ ಗಂಡನು ಹೊರಕ್ಕೆ ಹಾಕುವನು. ನಾಯಕನ ಹೆಸರೇ ರಘುವಂಶವನ್ನು ನೆನಪಿಗೆ ತರುವಂತಿದೆ. ತಾಯಿ ಲೀಲೆಯ ಪಾತ್ರವನ್ನು ವಹಿಸಿದ ಲೀಲಾ ಚಿಟ್ನೀಸರು ಧಾರವಾಡದಲ್ಲಿ ಹುಟ್ಟಿದವರು. ಹಿಂದೀ ಚಿತ್ರಗಳಲ್ಲಿ ನೊಂದ ತಾಯಿಯ ಮುಖವೆಂದರೆ ಇಂಥದೆಂದು ರೂಢಿಯಾದುದು ಅವರಿಂದಲೇ ಎಂದರೆ ಅತಿಶಯೋಕ್ತಿಯಲ್ಲ. ಕಳ್ಳನ ಮಗ ಕಳ್ಳನೇ ಎಂಬುದು ರಘುನಾಥನ ಸಿದ್ಧಾಂತ. ತನ್ನ ಸ್ವಂತ ಮಗನು ಕೊಳೆಗೇರಿಯಲ್ಲಿ ಬೆಳೆದು ಕಳ್ಳನಾಗಿ ತನ್ನ ಮುಂದೆಯೇ ಬಂದು ನಿಲ್ಲುವುದರಿಂದ ಆ ಸಿದ್ಧಾಂತವು ಮುರಿದುಬೀಳುತ್ತದೆ. ಕಥೆಯನ್ನು ಹೆಣೆದ ಖ್ವಾಜಾ ಅಹ್ಮದ್ ಅಬ್ಬಾಸರ ಉದ್ದೇಶವೂ ಅದೇ: ಹುಟ್ಟು ಮನುಷ್ಯನನ್ನು ಮಾಡುವುದಿಲ್ಲ, ಬೆಳೆದ ನೆಲೆ ಮಾಡುತ್ತದೆ ಎಂಬುದನ್ನು ತೋರಿಸುವುದು. ಹಾಗಿದ್ದರೂ ಚಿತ್ರವು ಮುಗಿಯಬೇಕಾದರೆ ರಘುನಾಥನು ಸೆರೆಮನೆಗೆ ಬಂದು ರಾಜನನ್ನು ಮಗನೆಂದು ಒಪ್ಪಲೇಬೇಕು. ಅಷ್ಟರಲ್ಲಿ ತಾಯಿಯು ಸತ್ತುಹೋಗಿದ್ದಾಳೆ. ಹುಟ್ಟಿಗೆ ಬೆಲೆಯಿಲ್ಲವೆಂದು ವಾದಿಸಿದ ಕಥೆಗೂ ತಂದೆಯ ಮುದ್ರೆಯಿಲ್ಲದೆ ಮುಕ್ತಾಯವಿಲ್ಲದಾಯಿತು. ವಾದಕ್ಕೂ ಸಂವಿಧಾನಕ್ಕೂ ಇರುವ ಈ ವಿರೋಧವನ್ನು ಆ ಚಿತ್ರದ ದೋಷವೆಂದು ಎಣಿಸುವುದಕ್ಕಿಂತ ಅದರ ಕಾಲದ ಸಾಕ್ಷ್ಯವೆಂದು ಎಣಿಸುವುದು ಯುಕ್ತ.

ಎಂಟು ವರ್ಷಗಳ ತರುವಾಯ ಬಂದ 'ಧೂಲ್ ಕಾ ಫೂಲ್' (1959) ಇನ್ನೂ ಧೈರ್ಯದ ಹೆಜ್ಜೆಯನ್ನಿಟ್ಟಿತು. ಯಶ್ ಚೋಪ್ರಾ ಅವರ ನಿರ್ದೇಶನದ ಮೊದಲ ಚಿತ್ರವಿದು. ಕಥೆ ಪಂಡಿತ ಮುಖರಾಮ ಶರ್ಮರದು. ಮದುವೆಯಾಗದೆ ತಾಯಾದ ಮೀನಾ ಮಗುವನ್ನೆತ್ತಿಕೊಂಡು ಪ್ರಿಯನಾದ ಮಹೇಶನಲ್ಲಿಗೆ ಹೋದರೆ ಅವನು ಬೇರೊಬ್ಬಳನ್ನು ಮದುವೆಯಾಗಿರುವನು. ಮಗುವನ್ನು ತನ್ನದೆಂದು ಒಪ್ಪನು. ಕಾಳಿದಾಸನ ದುಷ್ಯಂತನು ಮರೆತವನು. ವ್ಯಾಸರ ದುಷ್ಯಂತನು ಎಲ್ಲವೂ ನೆನಪಿದ್ದು ಇಲ್ಲವೆಂದವನು. ಮಹೇಶನು ವ್ಯಾಸರ ದುಷ್ಯಂತ. ಆದರೆ ಮೀನಾ ಶಕುಂತಲೆಯಲ್ಲ, ಕುಂತಿ. ಶಿಶುವನ್ನು ಅಡವಿಯಲ್ಲಿ ಬಿಟ್ಟು ಹಿಂದಿರುಗುವಳು. ಅದನ್ನೆತ್ತಿಕೊಂಡು ಬಂದು ಸಾಕುವವನು ಅಬ್ದುಲ್ ರಶೀದನೆಂಬ ವೃದ್ಧ ಮುಸಲ್ಮಾನ. ದೇಶವಿಭಾಗವಾಗಿ ಹನ್ನೆರಡೇ ವರ್ಷಗಳಾಗಿದ್ದ ಆ ಕಾಲದಲ್ಲಿ, ಯಾವ ಜಾತಿಯದೆಂದು ತಿಳಿಯದ ಮಗುವನ್ನು ಸಾಕುತ್ತಾನೆಂಬ ಕಾರಣಕ್ಕೆ ತನ್ನವರಿಂದಲೇ ಬಹಿಷ್ಕೃತನಾಗುವ ಈ ಒಂಟಿ ಸಾಕುತಂದೆಯ ಚಿತ್ರಣವು ಹಿಂದೀ ಚಿತ್ರರಂಗದ ಉದಾತ್ತವಾದ ಸೃಷ್ಟಿಗಳಲ್ಲೊಂದು. ಕರ್ಣನಿಗೆ ಅಧಿರಥನು ಹೇಗೋ ರೋಶನನಿಗೆ ಇವನು ಹಾಗೆ. ಭಾರತದಲ್ಲಿ ಕುಂತಿಯು ಸಭೆಯ ಮುಂದೆ ಬಾಯಿಬಿಡಲಿಲ್ಲ. ಮೀನೆಯಾದರೋ, ಮಹೇಶನೇ ನ್ಯಾಯಾಧೀಶನಾಗಿ ಕುಳಿತಿರುವ ನ್ಯಾಯಾಲಯಕ್ಕೆ ಬಂದು, ಕಳ್ಳತನದ ಆಪಾದನೆ ಹೊತ್ತ ಹುಡುಗನ ತಾಯಿ ತಾನೆಂದು ಹೇಳುವಳು. ಈ ಒಂದು ದೃಶ್ಯಕ್ಕಾಗಿ ಕಥೆಯ ಉಳಿದ ಕೃತಕತೆಯನ್ನೆಲ್ಲ ಮನ್ನಿಸಬಹುದು.

ಈ ಬಗೆಯ ಕಥೆಗಳು ಪಾಶ್ಚಾತ್ಯ ಚಿತ್ರಗಳಿಂದ ತಂದವಾದುದರಿಂದ ಅವುಗಳಲ್ಲಿ ಪುರಾಣೇತಿಹಾಸಗಳ ಛಾಯೆಯನ್ನು ಹುಡುಕುವುದು ವ್ಯರ್ಥವೆಂದು ಆಕ್ಷೇಪಿಸುವವರುಂಟು. ಹಲವು ಕಥೆಗಳು ಹೊರಗಿನಿಂದ ಬಂದುವೆಂಬುದು ವಾಸ್ತವ. ಆದರೆ ತಂದ ವಸ್ತುವಿನಲ್ಲಿ ಮಾಡಿದ ಮಾರ್ಪಾಟುಗಳೇ ತಂದವರ ಮನಸ್ಸನ್ನು ತೋರಿಸಿಕೊಡುತ್ತವೆ. ಭಾರತದ ಕಥೆಯಲ್ಲಿಲ್ಲದ ದೂರ್ವಾಸಶಾಪವನ್ನೂ ಉಂಗುರವನ್ನೂ ಕಾಳಿದಾಸನು ಏಕೆ ಸೇರಿಸಿದನೆಂದು ವಿಚಾರಿಸುವುದು ಸಾಹಿತ್ಯವಿಮರ್ಶೆಯಾಗುವುದಾದರೆ, ಇದನ್ನು ವಿಚಾರಿಸುವುದೂ ಸಾಹಿತ್ಯವಿಮರ್ಶೆಯೇ.

ಮೊದಲನೆಯ ನಿದರ್ಶನ 1969ರ 'ಆರಾಧನಾ'. ಶಕ್ತಿ ಸಾಮಂತರು ನಿರ್ದೇಶಿಸಿದ ಈ ಚಿತ್ರಕ್ಕೆ 1946ರ 'ಟು ಈಚ್ ಹಿಸ್ ಓನ್' ಎಂಬ ಅಮೆರಿಕದ ಚಿತ್ರವು ಮೂಲ. ಆ ಚಿತ್ರದಲ್ಲಿ ಯುದ್ಧಕಾಲದ ವೈಮಾನಿಕನೊಬ್ಬನೊಡನೆ ಕ್ಷಣಿಕವಾಗಿ ಕೂಡಿ ತಾಯಾದ ಹೆಣ್ಣು, ಮಗನು ಬೇರೆಯವರ ಮನೆಯಲ್ಲಿ ಬೆಳೆಯುವುದನ್ನು ದೂರದಿಂದ ನೋಡುತ್ತಿರುವಳು. ಹಿಂದೀ ಚಿತ್ರದಲ್ಲಿಯೂ ವೈಮಾನಿಕನಿದ್ದಾನೆ, ಅವನ ಮರಣವಿದೆ, ಪರರ ಮನೆಯಲ್ಲಿ ಬೆಳೆಯುವ ಮಗನಿದ್ದಾನೆ. ಆದರೆ ಕೂಟಕ್ಕೆ ಮೊದಲು ದೇವಾಲಯವೊಂದರಲ್ಲಿ, ಸಾಕ್ಷಿಗಳಿಲ್ಲದೆ, ವಂದನೆಗೂ ಅರುಣನಿಗೂ ವಿವಾಹವಾಗುತ್ತದೆ. ಮೂಲದಲ್ಲಿಲ್ಲದ ಈ ಗಾಂಧರ್ವವಿವಾಹವು ಶಾಕುಂತಲದ ಶಾಪವು ಮಾಡಿದ ಕೆಲಸವನ್ನೇ ಮಾಡುತ್ತದೆ. ಶಾಪವು ನಾಯಕನನ್ನು ಸುಳ್ಳಿನ ದೋಷದಿಂದ ಕಾಪಾಡಿತು. ಗುಡಿಯ ಮದುವೆಯು ನಾಯಿಕೆಯನ್ನು ಶೀಲದ ಸಂಶಯದಿಂದ ಕಾಪಾಡುತ್ತದೆ. ಪ್ರೇಕ್ಷಕನಿಗೆ ಆಕೆಯು ಪತ್ನಿ. ಲೋಕಕ್ಕೆ ಮಾತ್ರ ಅಲ್ಲ. ಹೀಗೆ ಕಥೆಯ ದುಃಖವೆಲ್ಲವೂ ಸಾಕ್ಷ್ಯದ ಅಭಾವದಿಂದ ಉಂಟಾದುದಾಗಿ, ಸಾಕ್ಷ್ಯವೇ ಇಲ್ಲದವಳ, ಅಂದರೆ ಜಬಾಲೆಯಂಥವಳ ಪ್ರಶ್ನೆಯು ಏಳದಂತೆ ಜಾರಿಕೊಳ್ಳುತ್ತದೆ. ಶರ್ಮಿಳಾ ಟಾಗೋರರ ಸಂಯಮವುಳ್ಳ ಅಭಿನಯವು ಈ ಜಾರಿಕೆಯನ್ನು ಮರೆಯಿಸುವಷ್ಟು ಸಮರ್ಥವಾಗಿದೆಯೆಂಬುದು ಬೇರೆಯ ಮಾತು. ಸ್ವಂತ ಮಗನಿಗೇ ದಾದಿಯಾಗಿ, ಅವನ ಕೈಯಿಂದಾದ ಕೊಲೆಯನ್ನು ತನ್ನ ತಲೆಯ ಮೇಲೆ ಹೊತ್ತು ಸೆರೆಮನೆಗೆ ಹೋಗುವ ತಾಯಿಯು ಬಾಯಿಬಿಟ್ಟು ಹೇಳಬಹುದಾದುದನ್ನು ಹೇಳದೆ ಇರುವುದರಿಂದಲೇ ಅಲ್ಲಿ ವಾತ್ಸಲ್ಯವು ಕರುಣಕ್ಕೆ ತಿರುಗುವುದು. ವತ್ಸಲವನ್ನು ಹತ್ತನೆಯ ರಸವೆಂದು ಒಪ್ಪಿಕೊಂಡ ಸಾಹಿತ್ಯದರ್ಪಣಕಾರ ವಿಶ್ವನಾಥನಿಗೆ ಈ ಉದಾಹರಣೆಯು ಹಿಡಿಸುತ್ತಿತ್ತೇನೋ.

ಎರಡನೆಯದು 1983ರ 'ಮಾಸೂಮ್'. ಶೇಖರ್ ಕಪೂರರ ಮೊದಲ ಚಿತ್ರ. ಎರಿಕ್ ಸೀಗಲ್ ಬರೆದ 'ಮ್ಯಾನ್, ವುಮನ್ ಅಂಡ್ ಚೈಲ್ಡ್' ಎಂಬ ಕಾದಂಬರಿಯು ಮೂಲ. ಸಂಭಾಷಣೆಯನ್ನೂ ಹಾಡುಗಳನ್ನೂ ಬರೆದವರು ಗುಲ್ಜಾರರು. ನೈನಿತಾಲದಲ್ಲಿ ಒಂಟಿಯಾಗಿ ಮಗನನ್ನು ಬೆಳೆಸುತ್ತಿದ್ದ ತಾಯಿ ತೀರಿಕೊಂಡ ಮೇಲೆ, ಆ ಹುಡುಗನು ದಿಲ್ಲಿಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಇರುವ ತಂದೆಯ ಮನೆಗೆ ಬರುವನು. ಇಂಥ ಮಗನೊಬ್ಬನು ಇರುವನೆಂದು ತಂದೆಗೆ ಅದುವರೆಗೆ ತಿಳಿದೇ ಇರಲಿಲ್ಲ. ಈ ಅಜ್ಞಾನವೇ ಇಲ್ಲಿಯ ದೂರ್ವಾಸಶಾಪ. ಸೀಗಲನ ಕಥೆಯಲ್ಲಿ ಹುಡುಗನು ಕಡೆಗೆ ಫ್ರಾನ್ಸಿಗೆ ಹಿಂದಿರುಗುವನು. ಹಿಂದೀ ಚಿತ್ರದಲ್ಲಿ ಹೆಂಡತಿಯೇ ಅವನನ್ನು ಮನೆಯ ಮಗನಾಗಿ ಸ್ವೀಕರಿಸುವಳು. ಗುರುತಿಸುವ ಅಧಿಕಾರವು ಗಂಡನ ಕೈಯಿಂದ ಹೆಂಡತಿಯ ಕೈಗೆ ಬಂದಿರುವುದು ಈ ಚಿತ್ರದ ವಿಶೇಷ. ಶಬಾನಾ ಆಜ್ಮಿಯವರ ಇಂದುವಿನ ಕೋಪವೂ ನ್ಯಾಯವಾದುದೇ, ಕರುಣೆಯೂ ನ್ಯಾಯವಾದುದೇ. ಸತ್ತುಹೋದ ಭಾವನೆಯೆಂಬ ತಾಯಿಯಾದರೋ ನೆನಪಿನ ದೃಶ್ಯಗಳಲ್ಲಿ ಮಾತ್ರ ಸುಳಿಯುವಳು. ಯಾರಿಗೂ ತಿಳಿಸದೆ, ಯಾರನ್ನೂ ಬೇಡದೆ ಮಗನನ್ನು ಬೆಳೆಸಿದ ಆಕೆಯ ಕಥೆಯನ್ನು ಹೇಳಬೇಕೆಂದು ಯಾರಿಗೂ ತೋರಲಿಲ್ಲ.

ಮೂರನೆಯದರ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. 1979ರ 'ಕ್ರೇಮರ್ ವರ್ಸಸ್ ಕ್ರೇಮರ್' ಎಂಬ ಚಿತ್ರದಲ್ಲಿ ಬೇರೆಯಾದ ದಂಪತಿಗಳು ಬೇರೆಯಾಗಿಯೇ ಉಳಿಯುವರು. ಅದರ ಛಾಯೆಯಾದ 'ಅಕೇಲೇ ಹಮ್ ಅಕೇಲೇ ತುಮ್' (1995) ಅವರನ್ನು ಮತ್ತೆ ಕೂಡಿಸುತ್ತದೆ. ವಾಲ್ಮೀಕಿಯ ಉತ್ತರಕಾಂಡದಲ್ಲಿ ಭೂಮಿಯನ್ನು ಹೊಕ್ಕ ಸೀತೆಯನ್ನು ಭವಭೂತಿಯು ರಾಮನ ಪಕ್ಕಕ್ಕೆ ಕರೆತಂದನು. ಹಿಂದೀ ಚಿತ್ರಗಳು ಭವಭೂತಿಯ ಪಕ್ಷ. ಭವಭೂತಿಗಿದ್ದ ಕಾರಣವು ಅವಕ್ಕಿತ್ತೇ ಎಂಬುದು ಮಾತ್ರ ಸಂದೇಹ.

ಮೇಲೆ ಹೇಳಿದ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ಸಂಗತಿಯು ಕಾಣಬರುತ್ತದೆ. ಭಾರತದ ಶಕುಂತಲೆಯ ಮಾತನ್ನು ರಾಜನು ನಂಬದಿದ್ದಾಗ ಅಶರೀರವಾಣಿಯು ಆಕೆಯ ಪರವಾಗಿ ಸಾಕ್ಷ್ಯ ನುಡಿಯಿತು. ಚಿತ್ರಗಳಲ್ಲಿ ಆ ವಾಣಿಯ ಸ್ಥಾನದಲ್ಲಿ ನಿಂತಿರುವುದು ಸರಕಾರದ ವೇದಿಕೆ. 'ಮದರ್ ಇಂಡಿಯಾ' ಪ್ರಾರಂಭವಾಗುವುದು ಮುದುಕಿಯಾದ ರಾಧೆಯಿಂದ ಹೊಸ ಕಾಲುವೆಯ ಪ್ರಾರಂಭೋತ್ಸವವನ್ನು ಮಾಡಿಸುವುದರಿಂದ. 'ಆರಾಧನಾ'ದ ಕೊನೆಯಲ್ಲಿ ವೈಮಾನಿಕನಾದ ಮಗನು ತನಗೆ ಪದಕ ಕೊಡುವ ಸಭೆಯಲ್ಲಿ ತಾಯಿಯನ್ನು ಮುಂದಕ್ಕೆ ಕರೆಯುವನು. 1975ರ 'ದೀವಾರ್' ಮೊದಲಾಗುವುದೂ ಪೋಲೀಸು ಅಧಿಕಾರಿಯಾದ ಮಗನಿಗೆ ಸಲ್ಲಬೇಕಾದ ಪದಕವನ್ನು ತಾಯಿಗೆ ಕೊಡುವ ಸಮಾರಂಭದಿಂದಲೇ. ತಂದೆಯಿಲ್ಲದ ಮನೆಗೆ ರಾಷ್ಟ್ರವೇ ತಂದೆಯಾಗಿ ಬಂದು ತಾಯಿಯ ಬಾಳನ್ನು ಸಾರ್ಥಕವೆಂದು ಘೋಷಿಸಬೇಕು. ಸ್ವಾತಂತ್ರ್ಯಾನಂತರದ ಮೊದಲ ದಶಕಗಳ ನಂಬಿಕೆಯು ಇಂಥದು.

ಆ ನಂಬಿಕೆಯು ಬಿರಿದುದು ಕೂಡ 'ದೀವಾರ್' ಚಿತ್ರದಲ್ಲಿಯೇ. ಸಲೀಂ ಜಾವೇದರು ಬರೆದ ಈ ಕಥೆಯಲ್ಲಿ ಕಾರ್ಮಿಕರ ನಾಯಕನಾದ ತಂದೆಯು ಹೆಂಡತಿಮಕ್ಕಳ ಪ್ರಾಣವನ್ನುಳಿಸಲು ಒಡೆಯರ ಕಾಗದಕ್ಕೆ ರುಜುಮಾಡಿ, ಅವಮಾನ ತಾಳಲಾರದೆ ಓಡಿಹೋಗುವನು. ತಂದೆಯು ಕಳ್ಳನೆಂಬ ಮಾತನ್ನು ಊರವರು ಹುಡುಗನ ತೋಳಿನ ಮೇಲೆ ಹಚ್ಚೆಹೊಯ್ಯುವರು. ಅಭಿಜ್ಞಾನದ ಕಥೆಗಳಲ್ಲಿ ತಂದೆಯ ಗುರುತು ಉಂಗುರವಾಗಿಯೋ ಅಸ್ತ್ರವಾಗಿಯೋ ಬರುವುದು. ಭವಭೂತಿಯ ಲವನಿಗೆ ಜೃಂಭಕಾಸ್ತ್ರಗಳು ಹುಟ್ಟಿನಿಂದಲೇ ಬಂದುವು. ವಿಜಯನಿಗೆ ಬಂದ ಗುರುತು ಅಳಿಸಲಾಗದ ನಿಂದೆ. ಮುಂಬಯಿಯ ಕಟ್ಟಡಗಳಲ್ಲಿ ಕಲ್ಲುಮಣ್ಣು ಹೊತ್ತು ಮಕ್ಕಳನ್ನು ಬೆಳೆಸಿದ ತಾಯಿಯು, ಕಳ್ಳಸಾಗಣೆಯಿಂದ ಶ್ರೀಮಂತನಾದ ಈ ಹಿರಿಯ ಮಗನನ್ನು ಬಿಟ್ಟು ಕಿರಿಯವನೊಡನೆ ಹೋಗುವಳು. ಕಿರಿಯವನು ಅಣ್ಣನನ್ನು ಹಿಡಿಯಲು ಹೊರಟಾಗ ಅವನ ಕೈಗೆ ಪಿಸ್ತೂಲನ್ನು ಕೊಟ್ಟು ಕಳುಹಿಸುವಳು. 'ಮದರ್ ಇಂಡಿಯಾ'ದಲ್ಲಿ ಊರೇ ನ್ಯಾಯಸ್ಥಾನವಾಗಿತ್ತು. ಇಲ್ಲಿ ಊರು ತಪ್ಪು ಮಾಡಿದೆ. ಆದರೂ ದಂಡನೆಯನ್ನನುಭವಿಸುವವನು ಮಗನೇ, ಅದಕ್ಕೆ ಒಪ್ಪಿಗೆ ಕೊಡಬೇಕಾದವಳು ತಾಯಿಯೇ. ನಿರೂಪಾ ರಾಯ್ ಅವರ ಮಡಿಲಿನಲ್ಲಿ, ಗುಡಿಯೊಳಗೆ, ವಿಜಯನು ಸಾಯುವ ದೃಶ್ಯವನ್ನು ನೋಡಿದವರಿಗೆ ವೇದಿಕೆಯ ಮೇಲಣ ಪದಕವು ಬರಿಯ ಲೋಹವೆನಿಸಿದರೆ ಆಶ್ಚರ್ಯವಿಲ್ಲ.

ಅದೇ ಕವಿದ್ವಯರು 1978ರ 'ತ್ರಿಶೂಲ್' ಚಿತ್ರದಲ್ಲಿ ಮಾಡಿದ ಒಂದು ಶಬ್ದಪ್ರಯೋಗವು ವೈಯಾಕರಣರು ಕೂಡ ಮೆಚ್ಚತಕ್ಕದ್ದಾಗಿದೆ. ಐಶ್ವರ್ಯದ ಆಸೆಯಿಂದ ಗರ್ಭಿಣಿಯಾದ ಶಾಂತಿಯನ್ನು ಕೈಬಿಟ್ಟ ಗುಪ್ತನ ಮುಂದೆ ಬೆಳೆದ ಮಗನು ನಿಂತು, ಅಕ್ರಮ ಎಂಬ ವಿಶೇಷಣವನ್ನು ತನ್ನಿಂದ ಕಳಚಿ ತಂದೆಗೆ ತಗುಲಿಸುವನು. ಮಗನು ಅಕ್ರಮನಲ್ಲ, ತಂದೆಯೇ ಅಕ್ರಮತಂದೆ. ವಿಶೇಷಣವು ವಿಶೇಷ್ಯವನ್ನು ಬದಲಿಸಿದ ಮಾತ್ರಕ್ಕೆ ಧರ್ಮಶಾಸ್ತ್ರದ ಭಾರವೆಲ್ಲ ಮಗುಚಿಹೋಗುತ್ತದೆ. ಹುಟ್ಟಿದ ಮಗುವು ಯಾವ ಕ್ರಮವನ್ನೂ ಮೀರಿಲ್ಲವಾದುದರಿಂದ ತರ್ಕದೃಷ್ಟಿಯಿಂದಲೂ ಈ ಪ್ರಯೋಗವು ಸಾಧು. ತಾಯಿ ಶಾಂತಿಯು ಬೇಡುವುದಿಲ್ಲ, ಶಪಿಸುವುದೂ ಇಲ್ಲ. ಸಂಗತಿಯನ್ನು ತಿಳಿಸಿ ಹೊರಟುಹೋಗುವಳು. ವಹೀದಾ ರೆಹಮಾನರು ಸ್ವಲ್ಪ ಹೊತ್ತು ಮಾತ್ರ ತೆರೆಯ ಮೇಲಿದ್ದರೂ ಇಡೀ ಚಿತ್ರದಲ್ಲಿ ಜಬಾಲೆಗೆ ಹತ್ತಿರದವಳು ಆ ತಾಯಿಯೇ. ಆದರೆ ಕೊನೆಯಲ್ಲಿ ಗುಪ್ತನು ಮಗನಿಗೆ ಬೀಳಬೇಕಾದ ಗುಂಡನ್ನು ತನ್ನ ಮೈಗೆ ತಗುಲಿಸಿಕೊಂಡು ಸಾಯುವುದರಿಂದ ಅಭಿಜ್ಞಾನದ ಮಾರ್ಗವೇ ಮತ್ತೆ ಗೆಲ್ಲುತ್ತದೆ.

ಈ ನಿಯಮಕ್ಕೆ ಹೊರತಾದ ಚಿತ್ರವೆಂದರೆ ಮಹೇಶ್ ಭಟ್ಟರ 'ಜಖ್ಮ್' (1998). ತಮ್ಮ ಬಾಳಿನ ಸಂಗತಿಗಳನ್ನೇ ಆಧಾರವಾಗಿಟ್ಟುಕೊಂಡು ಅವರು ರಚಿಸಿದುದು. ಹಿಂದೂ ಚಿತ್ರನಿರ್ದೇಶಕನೊಬ್ಬನಿಂದ ಮಕ್ಕಳನ್ನು ಪಡೆದು, ಅವನ ಮನೆಯವರು ಒಪ್ಪದ ಕಾರಣ ಒಂಟಿಯಾಗಿ ಬಾಳಿದ ಮುಸಲ್ಮಾನ ತಾಯಿಯು ತನ್ನ ಮತವನ್ನು ಮರೆಮಾಚಿಕೊಂಡೇ ಮಕ್ಕಳನ್ನು ಬೆಳೆಸಿರುವಳು. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಮುಂಬಯಿಯ ಗಲಭೆಗಳ ಹಿನ್ನೆಲೆಯಲ್ಲಿ ಆಕೆಯು ಬೆಂಕಿಗೆ ಸಿಕ್ಕಿ ಸಾಯುವಳು. ಆಕೆಯನ್ನು ಆಕೆಯ ಮತದಂತೆ ಹೂಳಬೇಕೆಂದು ಹಿರಿಯ ಮಗನು ಹಟಹಿಡಿಯುವನು. ಇಲ್ಲಿ ಗುರುತಿಸಬೇಕಾದವನು ತಂದೆಯಲ್ಲ, ಮಗ. ಗುರುತಿಸಲ್ಪಡಬೇಕಾದುದು ಮಗನ ಕುಲವಲ್ಲ, ತಾಯಿಯ ಹೆಸರು. ಅಭಿಜ್ಞಾನವು ಮಗುಚಿ ನಿಂತಿದೆ. ರಾಷ್ಟ್ರೀಯ ಐಕ್ಯವನ್ನು ಸಾರುವ ಚಿತ್ರಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿಯು ಇದಕ್ಕೆ ಸಂದಿತು. 'ಮದರ್ ಇಂಡಿಯಾ'ದ ನಟಿಯ ಹೆಸರು ಹೀಗೆ ಈ ಇನ್ನೊಬ್ಬ ತಾಯಿಯ ಕಥೆಗೆ ಅಂಟಿಕೊಂಡುದು ಒಂದು ಸೋಜಿಗ.

ತೆರೆಯ ಮೇಲಣ ಈ ಕಥೆಗಳ ಜೊತೆಯಲ್ಲಿ ನ್ಯಾಯಶಾಸನದ ಗತಿಯನ್ನೂ ಗಮನಿಸಬೇಕು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವದ ಶಾಸನದ ಆರನೆಯ ಪ್ರಕರಣದಂತೆ ವಿವಾಹದಿಂದ ಹುಟ್ಟಿದ ಮಗುವಿಗೆ ಸಹಜಪಾಲಕನು ತಂದೆ, ಅವನ ತರುವಾಯ ತಾಯಿ. ವಿವಾಹದ ಹೊರಗೆ ಹುಟ್ಟಿದುದಕ್ಕೆ ಮೊದಲು ತಾಯಿ, ತರುವಾಯ ತಂದೆ. ಶಾಸನದ ದೃಷ್ಟಿಯಲ್ಲಿ ಮದುವೆಯಾಗದ ತಾಯಿಗೆ ಮದುವೆಯಾದವಳಿಗಿಂತ ಹೆಚ್ಚಿನ ಅಧಿಕಾರವಿದ್ದಂತಾಯಿತು! ಚಿತ್ರಗಳಲ್ಲಿ ಇದರ ತಲೆಕೆಳಗು: ಮದುವೆಯಾದವಳು ದೇವತೆ, ಆಗದವಳು ಮೂಕಿ. 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರು ರಿಸರ್ವ್ ಬ್ಯಾಂಕಿನ ವಿರುದ್ಧ ಹೂಡಿದ್ದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 'ತರುವಾಯ' ಎಂಬ ಪದಕ್ಕೆ ತಂದೆಯ ಮರಣಾನಂತರ ಎಂದಷ್ಟೇ ಅರ್ಥಮಾಡದೆ, ಅವ��ು ಮಗುವಿನ ಹೊಣೆಯನ್ನು ಹೊರದಿರುವ ಸಂದರ್ಭಕ್ಕೂ ಅದು ಅನ್ವಯಿಸುವುದೆಂದು ತೀರ್ಪಿತ್ತಿತು. ಒಂದು ಪದದ ಅರ್ಥನಿರ್ಣಯದಿಂದ ಲಕ್ಷಾಂತರ ತಾಯಂದಿರ ಅಧಿಕಾರವು ನಿಶ್ಚಿತವಾದ ಈ ಪ್ರಕರಣವು ಮೀಮಾಂಸಕರಿಗೆ ಸಂತೋಷವನ್ನುಂಟುಮಾಡತಕ್ಕದ್ದು. 2015ರಲ್ಲಿ ಅದೇ ನ್ಯಾಯಾಲಯವು, ಮದುವೆಯಾಗದ ತಾಯಿಯು ಪಾಲಕತ್ವವನ್ನು ಕೋರುವಾಗ ತಂದೆಯ ಹೆಸರನ್ನು ತಿಳಿಸಬೇಕಾದುದಾಗಲಿ ಅವನಿಗೆ ನೋಟೀಸು ಕೊಡಬೇಕಾದುದಾಗಲಿ ಅವಶ್ಯವಲ್ಲವೆಂದಿತು. 2016ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟಿನ ಅರ್ಜಿಗೂ ತಾಯ್ತಂದೆಗಳಲ್ಲಿ ಒಬ್ಬರ ಹೆಸರು ಸಾಕೆಂದಾಯಿತು. ಗೌತಮನು ಕೊಟ್ಟಿದ್ದ ತೀರ್ಪು ಹೀಗೆ ಕಚೇರಿಯ ಕಾಗದಕ್ಕೆ ಇಳಿಯಿತು.

ಒಂಟಿ ತಂದೆಯ ಕಥೆಗಳಲ್ಲಿ ಈ ಪ್ರಶ್ನೆಯಾವುದೂ ಏಳುವುದಿಲ್ಲ. ಮಗುವಿನ ತಾಯಿ ಯಾರೆಂದು ತಂದೆಯನ್ನು ಶಾಲೆಯವರು ತಡೆದು ಕೇಳುವ ದೃಶ್ಯವು ಹಿಂದೀ ಚಿತ್ರದಲ್ಲಿ ದುರ್ಲಭ. 1974ರಲ್ಲಿ ಹಾಸ್ಯನಟ ಮೆಹಮೂದರು 'ಕುಂವಾರಾ ಬಾಪ್' ಎಂದು, ಅಂದರೆ ಮದುವೆಯಾಗದ ತಂದೆಯೆಂದು, ಚಿತ್ರಕ್ಕೆ ಹೆಸರಿಟ್ಟು ಜನರನ್ನು ನಗಿಸಿ ಅಳಿಸಿದರು. ತಾಯಿಗೆ ಅದೇ ವಿಶೇಷಣವನ್ನು ಕೊಟ್ಟು ನಗಿಸುವುದು ಅಂದು ಊಹೆಗೂ ಮೀರಿದ ಮಾತು. ಗುಡಿಯಲ್ಲಿ ಸಿಕ್ಕಿದ ಮಗುವನ್ನು ಸಾಕುವ ರಿಕ್ಷಾದವನ ಆ ಕಥೆಯು ಪೋಲಿಯೋ ರೋಗದ ವಿಷಯದಲ್ಲಿ ಜನರನ್ನು ಎಚ್ಚರಿಸಿದುದು ಅದರ ಗುಣ. ಕಿಶೋರ್ ಕುಮಾರರ 'ದೂರ್ ಗಗನ್ ಕೀ ಛಾಂವ್ ಮೇ' (1964) ಚಿತ್ರದಲ್ಲಿ ಯುದ್ಧದಿಂದ ಹಿಂದಿರುಗಿದ ಸಿಪಾಯಿಗೆ ಸುಟ್ಟುಹೋದ ಮನೆಯಲ್ಲಿ ಉಳಿದಿರುವವನು ಮಾತು ಬಾರದ ಮಗನೊಬ್ಬನೇ. ಆ ಮಗನ ಪಾತ್ರವನ್ನು ಅವರ ಸ್ವಂತ ಮಗ ಅಮಿತ್ ಕುಮಾರನೇ ವಹಿಸಿದನು. ತಂದೆಗೆ ಕೊರತೆಯಾಗಿರುವುದು ಹೆಸರಲ್ಲ, ಲಾಲನೆಯ ವಿದ್ಯೆ. ಅದನ್ನು ಕಲಿಯದ ತಂದೆಯನ್ನು 2010ರ 'ಉಡಾನ್' ತೋರಿಸಿತು. ಜಮ್ಷೆಡ್‌ಪುರದ ಆ ಮನೆಯಲ್ಲಿ ಮಗನಿಗೆ ತಂದೆಯ ಹೆಸರೂ ಉಂಟು, ಆಸರೆಯೂ ಉಂಟು, ಅವೇ ಸಂಕೋಲೆಗಳಾಗಿರುವುವು. ಮಗನು ಮಲತಮ್ಮನ ಕೈಹಿಡಿದುಕೊಂಡು ಮನೆಬಿಟ್ಟು ಹೊರಡುವುದು ಆ ಚಿತ್ರದ ಕೊನೆ. ತಂದೆಯು ಗುರುತಿಸುವುದೇ ಮೋಕ್ಷವೆಂದು ಅರವತ್ತು ವರ್ಷಗಳಿಂದ ಹೇಳುತ್ತ ಬಂದ ಚಿತ್ರಪರಂಪರೆಗೆ ಇದಕ್ಕಿಂತ ಕಟುವಾದ ಪ್ರತ್ಯುತ್ತರವು ಬಂದಿಲ್ಲ.

ಮದುವೆಯಾಗದ ತಾಯಿಯು ನಾಚದೆ ನಿಂತುದು ಸುಮಾರು 2000ದಿಂದೀಚೆಗೆ. ಆ ವರ್ಷದ 'ಕ್ಯಾ ಕೆಹನಾ' ಚಿತ್ರದಲ್ಲಿ ಕಾಲೇಜಿನ ಹುಡುಗಿಯು ಗರ್ಭಿಣಿಯಾಗಿ ಮಗುವನ್ನು ಹೆರುವೆನೆಂದು ಊರಿಗೆ ಎದುರಾಗುವಳು. ಆದರೂ ಕೊನೆಗೆ ಆಕೆಗೊಬ್ಬ ವರನು ದೊರೆಯುವಂತೆ ಮಾಡಿದ್ದಾರೆ. 2009ರ 'ಪಾ' ಚಿತ್ರದಲ್ಲಿ ವೈದ್ಯೆಯಾದ ತಾಯಿಯು ಅಕಾಲವಾರ್ಧಕ್ಯದ ರೋಗವುಳ್ಳ ಮಗನನ್ನು ತಂದೆಯ ಹಂಗಿಲ್ಲದೆ ಬೆಳೆಸುವಳು. ಆಕೆಗೆ ಬೆನ್ನೆಲುಬಾಗಿ ನಿಲ್ಲುವವಳು ಆಕೆಯ ತಾಯಿ. ಆ ಅಜ್ಜಿಯ ಪಾತ್ರಕ್ಕಾಗಿ ಬೆಂಗಳೂರಿನ ರಂಗಶಂಕರದ ಅರುಂಧತಿ ನಾಗ್ ಅವರಿಗೆ ರಾಷ್ಟ್ರಪ್ರಶಸ್ತಿಯು ಬಂದಿತು. ಬಸುರಾದ ಮಗಳನ್ನು ಗದರದೆ, ಮಗು ಬೇಕೆ ಬೇಡವೆ ಎಂಬಷ್ಟನ್ನೇ ವಿಚಾರಿಸುವ ತಾಯಿಯು ಹಿಂದಿನ ಚಿತ್ರಗಳಲ್ಲಿ ಸಿಕ್ಕುವವಳಲ್ಲ. ಆ ಚಿತ್ರವೂ ಮಗನ ಮರಣಶಯ್ಯೆಯ ಬಳಿಯಲ್ಲಿ ತಾಯ್ತಂದೆಗಳನ್ನು ಕೂಡಿಸದೆ ಬಿಡಲಿಲ್ಲ. ಚಿತ್ರದ ಹೆಸರೇ ಅದನ್ನು ಮೊದಲೇ ಹೇಳಿಬಿಟ್ಟಿದೆ.

2016ರಲ್ಲಿ ಅಶ್ವಿನೀ ಅಯ್ಯರ್ ತಿವಾರಿಯವರು ನಿರ್ದೇಶಿಸಿದ 'ನಿಲ್ ಬಟ್ಟೇ ಸನ್ನಾಟಾ' ಚಿತ್ರದ ಚಂದಾ ಆಗ್ರಾದಲ್ಲಿ ಮನೆಗೆಲಸದವಳು. ಜಬಾಲೆಯೂ ಪರಿಚಾರಿಕೆಯೇ ಆಗಿದ್ದಳಷ್ಟೆ. ಈ ಚಿತ್ರದಲ್ಲಿ ತಂದೆಯು ಯಾರು, ಎಲ್ಲಿ ಎಂಬುದರಿಂದ ಕಥೆಯು ಒಂದಿಷ್ಟೂ ಅಲುಗುವುದಿಲ್ಲ. ಮಗಳಿಗೆ ಗಣಿತವು ಹತ್ತದು. ಮನೆಗೆಲಸದವಳ ಮಗಳು ಮನೆಗೆಲಸದವಳೇ ಆಗುವಳೆಂದು ಆಕೆಯೇ ನಿಶ್ಚಯಿಸಿಕೊಂಡು ಕುಳಿತಿರುವಳು. 'ಆವಾರಾ'ದ ನ್ಯಾಯಾಧೀಶನ ಸಿದ್ಧಾಂತವು ಅರವತ್ತೈದು ವರ್ಷಗಳ ಮೇಲೆ ಒಬ್ಬ ಹುಡುಗಿಯ ಬಾಯಿಯಲ್ಲಿ, ತನ್ನ ವಿಷಯವಾಗಿಯೇ, ಮತ್ತೆ ಕೇಳಿಬರುತ್ತದೆ. ಅದನ್ನು ಸುಳ್ಳುಮಾಡಲು ತಾಯಿಯು ಮಗಳ ಶಾಲೆಯಲ್ಲಿ, ಮಗಳ ತರಗತಿಯಲ್ಲಿಯೇ, ಸಮವಸ್ತ್ರ ತೊಟ್ಟು ವಿದ್ಯಾರ್ಥಿನಿಯಾಗಿ ಸೇರುವಳು. ಮಗಳಿಗೆ ಅದರಿಂದ ಬರುವ ನಾಚಿಕೆಯನ್ನೂ ಕೋಪವನ್ನೂ ಚಿತ್ರವು ಮುಚ್ಚುವುದಿಲ್ಲ. ತಾಯಿಯ ಛಲದಲ್ಲಿ ಸ್ವಲ್ಪ ಕ್ರೌರ್ಯವೂ ಇರುವುದನ್ನು ಮರೆಸುವುದಿಲ್ಲ. ಉಪನಿಷತ್ತಿನಲ್ಲಿ ಮಗನನ್ನು ಗುರುವಿನ ಬಳಿಗೆ ಕಳುಹಿಸಿದ ಮೇಲೆ ಜಬಾಲೆಯು ಕಥೆಯಿಂದ ಮರೆಯಾಗುವಳು. ನಾನೂರು ಬಡಕಲು ಗೋವುಗಳನ್ನು ಹೊಡೆದುಕೊಂಡು ಹೊರಟ ಸತ್ಯಕಾಮನನ್ನು ಅನುಸರಿಸಿ ಕಥೆಯು ಮುಂದುವರಿಯುವುದು. ಆಗ್ರಾದ ಚಂದಾ ಮಗಳ ಪಕ್ಕದ ಬೆಂಚಿನ ಮೇಲೆ ಕುಳಿತು ತಾನೂ ಲೆಕ್ಕ ಮಾಡುವಳು.